ಯಂತ್ರದ ಭಾಷೆಯೂ ನಮ್ಮ ಹೆಣ್ಣುಮಕ್ಕಳ ವ್ಯಾಕರಣವೂ

ಹತ್ತನೆಯ ತರಗತಿಯನ್ನು ಮುಗಿಸಿದ ಮಗಳಿಗೆ ಮುಂದೆ ಏನನ್ನು ಓದಿಸಬೇಕೆಂದು ವಿಚಾರಿಸುವ ತಾಯಿತಂದೆಗಳು ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದುಂಟು: ಕಂಪ್ಯೂಟರಿನ ಭಾಷೆಗಳಲ್ಲಿ ಯಾವುದನ್ನು ಕಲಿಸಿದರೆ ಹುಡುಗಿಗೆ ಕೆಲಸ ದೊರೆಯುವುದು? ಇದರ ಬೆನ್ನಿಗೇ ಇನ್ನೊಂದು ಮಾತೂ ಬರುವುದುಂಟು. ಸಂಧಿ, ಸಮಾಸ, ವಿಭಕ್ತಿಗಳೆಂದು ಕನ್ನಡ ವ್ಯಾಕರಣಕ್ಕೆ ಕಳೆಯುವ ಹೊತ್ತನ್ನು ಉಳಿಸಿ ಆ ಕಂಪ್ಯೂಟರಿಗೇ ಕೊಡಬಾರದೇ ಎಂಬುದು ಆ ಮಾತು. ಚಾಮರಾಜನಗರ, ಗುಂಡ್ಲುಪೇಟೆಗಳಂಥ ಊರುಗಳಲ್ಲಿ ಮಗಳ ಓದಿಗಾಗಿ ಜಮೀನಿನ ಮೇಲೆ ಸಾಲ ಮಾಡುವವರು ಇಂಥ ಲೆಕ್ಕವನ್ನು ಹಾಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಎರಡು ಮಾತುಗಳೂ ಒಂದೇ ಭ್ರಾಂತಿಯಿಂದ ಹುಟ್ಟಿದವೆಂದು ನನ್ನ ಅಭಿಪ್ರಾಯ. ಅದಕ್ಕೆ ಪ್ರಮಾಣವನ್ನು ನಾನು ಕನ್ನಡ ಪಂಡಿತರಿಂದ ತರುವುದಿಲ್ಲ. ಗಣಕಯಂತ್ರಕ್ಕೆ ಭಾಷೆಯನ್ನು ಕಟ್ಟಿಕೊಟ್ಟವರ ಚರಿತ್ರೆಯಿಂದಲೇ ತರುತ್ತೇನೆ.

ಗಣಕಯಂತ್ರಕ್ಕೆ ಸ್ವಭಾವತಃ ಇಂಗ್ಲಿಷೂ ತಿಳಿಯದು, ಕನ್ನಡವೂ ತಿಳಿಯದು. ಸೊನ್ನೆ ಮತ್ತು ಒಂದು ಎಂಬ ಎರಡು ಚಿಹ್ನೆಗಳ ಸಾಲುಗಳನ್ನು ಮಾತ್ರ ಅದು ಬಲ್ಲುದು. 1940ರ ದಶಕದಲ್ಲಿ ಮೊದಲ ಯಂತ್ರಗಳು ಹುಟ್ಟಿದಾಗ ಅವುಗಳಿಗೆ ಅಪ್ಪಣೆ ಮಾಡತಕ್ಕವರು ಆಯಾ ಯಂತ್ರದ ಸಂಕೇತಾಂಕಗಳಲ್ಲಿಯೇ ಎಲ್ಲವನ್ನೂ ಬರೆಯಬೇಕಾಗಿದ್ದಿತು. ಒಂದು ಯಂತ್ರಕ್ಕಾಗಿ ತಿಂಗಳುಗಟ್ಟಲೆ ದುಡಿದು ಬರೆದುದು ಮತ್ತೊಂದಕ್ಕೆ ನಿರುಪಯೋಗ. ಈ ಶ್ರಮವನ್ನು ತಪ್ಪಿಸುವ ಉಪಾಯವನ್ನು ಕಂಡವರಲ್ಲಿ ಅಗ್ರಗಣ್ಯರು ಗ್ರೇಸ್ ಹಾಪರ್ ಎಂಬ ಮಹಿಳೆ. 1906ರಲ್ಲಿ ಹುಟ್ಟಿ, ಯೇಲ್ ವಿಶ್ವವಿದ್ಯಾನಿಲಯದಲ್ಲಿ 1934ರಲ್ಲಿ ಗಣಿತದ ಡಾಕ್ಟರ್ ಪದವಿಯನ್ನು ಪಡೆದು, ವಾಸರ್ ಎಂಬ ಮಹಿಳಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಅವರು. 1952ರಲ್ಲಿ ಅವರು ಯೂನಿವ್ಯಾಕ್ ಯಂತ್ರಕ್ಕಾಗಿ ಎ-ಸೊನ್ನೆ ಎಂಬ ಸಾಧನವನ್ನು ಸಿದ್ಧಪಡಿಸಿದರು. ಮೊದಲೇ ಬರೆದಿಟ್ಟಿದ್ದ ಸಣ್ಣ ಸಣ್ಣ ಲೆಕ್ಕದ ತುಣುಕುಗಳನ್ನು ಯಂತ್ರವೇ ಹುಡುಕಿ ಆಯ್ದು, ಕ್ರಮವಾಗಿ ಜೋಡಿಸಿಕೊಳ್ಳುವಂತೆ ಮಾಡುವುದು ಅದರ ಕೆಲಸ. ಹಲವರ ಬರೆಹಗಳನ್ನು ಸಂಪಾದಕಿಯರು ಒಟ್ಟುಗೂಡಿಸಿ ಇಂಥ ಸಂಚಿಕೆಯನ್ನು ಹೊರಡಿಸುವುದಿಲ್ಲವೆ? ಕಂಪೈಲರ್ ಎಂಬ ಹೆಸರು ಬಂದುದು ಆ ಅರ್ಥದಿಂದಲೇ. ತರುವಾಯ ಆ ಶಬ್ದವು ವಿಸ್ತಾರವನ್ನು ಹೊಂದಿ, ಮನುಷ್ಯನು ಬರೆದ ಸೂಚನೆಗಳನ್ನು ಯಂತ್ರದ ಅಂಕಗಳಿಗೆ ತಿರುಗಿಸುವ ಭಾಷಾಂತರಕಾರನಿಗೆ ಹೆಸರಾಯಿತು. ಯಂತ್ರವು ಲೆಕ್ಕವನ್ನು ಮಾತ್ರ ಮಾಡಬಲ್ಲುದು, ಬರೆಹವನ್ನು ಮಾಡಲಾರದೆಂದು ಆಗಿನ ದೊಡ್ಡವರು ವಾದಿಸುತ್ತಿದ್ದರೆಂದು ಹಾಪರ್ ಅವರು ಮುಂದೆ ನಗುತ್ತ ಹೇಳುತ್ತಿದ್ದರಂತೆ.

1957ರಲ್ಲಿ ಐಬಿಎಂ ಸಂಸ್ಥೆಯಿಂದ ಫೋರ್ಟ್ರಾನ್ ಹೊರಬಿದ್ದಿತು. ಅಲ್ಲಿಂದ ಮುಂದೆ ಭಾಷೆಗಳಿಗೆ ಬರವಿಲ್ಲ. ಗಣಿತಕ್ಕೊಂದು, ವ್ಯಾಪಾರಕ್ಕೊಂದು, ತರ್ಕಕ್ಕೊಂದು ಎಂದು ವಿಶ್ವವಿದ್ಯಾನಿಲಯಗಳೂ ಕಾರ್ಖಾನೆಗಳೂ ಭಾಷೆಗಳನ್ನು ಹಡೆದವು. ಯಂತ್ರಗಳೂ ವರ್ಷಕ್ಕೊಂದರಂತೆ ಬದಲಾಗುತ್ತಿದ್ದವು. ಇದರಿಂದ ಹುಟ್ಟಿದ ತೊಡಕನ್ನು ನಮ್ಮ ಗುಂಡ್ಲುಪೇಟೆಯವರಿಗೆ ವಿವರಿಸುವುದು ಕಷ್ಟವಲ್ಲ. ಮೈಸೂರಿನಿಂದ ಬಂದ ದಾರಿ ಅಲ್ಲಿ ಕವಲಾಗಿ ಒಂದು ಉದಕಮಂಡಲದ ಕಡೆಗೂ ಮತ್ತೊಂದು ವಯನಾಡಿನ ಕಡೆಗೂ ಹೋಗುವುದಷ್ಟೆ. ತರಕಾರಿಯ ಸಂತೆಯಲ್ಲಿ ನಾಲ್ಕು ನುಡಿಯ ಬೆಳೆಗಾರರೂ, ಅವರ ನುಡಿಯನ್ನರಿಯದ ಮೂರು ನುಡಿಯ ಕೊಳ್ಳುವವರೂ ಕೂಡಿದ್ದಾರೆಂದು ಭಾವಿಸಿರಿ. ಪ್ರತಿಯೊಂದು ಜೋಡಿಗೂ ಒಬ್ಬ ದುಭಾಷಿಯನ್ನು ನೇಮಿಸುವುದಾದರೆ ನಾಲ್ಕು ಮೂರಲೆ ಹನ್ನೆರಡು ಮಂದಿ ಬೇಕು. ಎಲ್ಲರ ಮಾತನ್ನೂ ಮೊದಲು ಯಾವುದಾದರೊಂದು ನಡುವಣ ನುಡಿಗೆ ತಂದು, ಅಲ್ಲಿಂದ ಕೊಳ್ಳುವವನ ನುಡಿಗೆ ಒಯ್ಯುವುದಾದರೆ ನಾಲ್ಕು ಮತ್ತು ಮೂರು ಸೇರಿ ಏಳು ಮಂದಿ ಸಾಕು. ನುಡಿಗಳು ನಲವತ್ತಾಗಿ ಕೊಳ್ಳುವವರು ಮೂವತ್ತಾದರೆ, ಮೊದಲ ರೀತಿಯಲ್ಲಿ ಸಾವಿರದ ಇನ್ನೂರು ದುಭಾಷಿಗಳು, ಎರಡನೆಯದರಲ್ಲಿ ಎಪ್ಪತ್ತೇ ಮಂದಿ.

1958ರಲ್ಲಿ ಅಮೆರಿಕಾದ ಗಣಕ ಬಳಕೆದಾರರ ಷೇರ್ ಎಂಬ ಸಂಘದ ಸಮಿತಿಯೊಂದು ಈ ಲೆಕ್ಕವನ್ನೇ ಪಂಡಿತರ ಮುಂದಿಟ್ಟಿತು. ಸಮಸ್ತ ಭಾಷೆಗಳಿಗೂ ಸಮಸ್ತ ಯಂತ್ರಗಳಿಗೂ ನಡುವೆ ನಿಲ್ಲತಕ್ಕ ಒಂದು ಸಾರ್ವತ್ರಿಕ ಭಾಷೆಯನ್ನು ನಿರ್ಮಿಸಬೇಕು. ಅದಕ್ಕೆ ಅನ್‌ಕೋಲ್ ಎಂದು ಹೆಸರಿಡಬೇಕು ಎಂಬುದು ಅವರ ಸೂಚನೆ. ಅದೇ ವರ್ಷ ಮೆಲ್ವಿನ್ ಕಾನ್ವೇ ಎಂಬವರು ಇಂಥ ಭಾಷೆಗೆ ಒಂದು ಕರಡನ್ನು ಪ್ರಕಟಿಸಿದರು. 1961ರಲ್ಲಿ ಸ್ಟೀಲ್ ಎಂಬವರು ಅದರ ಮೊದಲ ರೂಪವನ್ನು ಕುರಿತು ಪ್ರಬಂಧವನ್ನು ಓದಿದರು. ಅದೇ 1961ರ ಜನವರಿಯಲ್ಲಿ ಅಮೆರಿಕಾದ ಗಣಕ ಪಂಡಿತರ ಮಾಸಪತ್ರಿಕೆಯು ತನ್ನ ಮುಖಪುಟದ ಮೇಲೆ ಬಾಬೆಲಿನ ಗೋಪುರದ ಚಿತ್ರವನ್ನು ಅಚ್ಚುಹಾಕಿಸಿ, ಅದರ ಮೈಮೇಲೆಲ್ಲಾ ಗಣಕಭಾಷೆಗಳ ಹೆಸರುಗಳನ್ನು ಬರೆಯಿಸಿತು. ಆದಿಕಾಂಡದ ಹನ್ನೊಂದನೆಯ ಅಧ್ಯಾಯವನ್ನು ಬಾಲ್ಯದಲ್ಲಿಯೇ ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಆ ಚಿತ್ರದ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಅನ್‌ಕೋಲ್ ಬಳಕೆಗೆ ಬರಲೇ ಇಲ್ಲ. ಕಾರಣವು ಬುದ್ಧಿಯ ಕೊರತೆಯಲ್ಲ. ಐಬಿಎಂ 704 ಎಂಬ ಯಂತ್ರವು ಒಂದು ಅಂಕಿಯನ್ನು 36 ಸೊನ್ನೆ-ಒಂದುಗಳ ಸಾಲಾಗಿ ಇಟ್ಟುಕೊಳ್ಳುತ್ತಿದ್ದಿತು; ಅದೇ ಸಂಸ್ಥೆಯ 650 ಎಂಬ ಯಂತ್ರವು ನಾವು ಬರೆಯುವಂತೆಯೇ ಹತ್ತು ದಶಮಾಂಶ ಸ್ಥಾನಗಳಲ್ಲಿ ಇಟ್ಟುಕೊಳ್ಳುತ್ತಿದ್ದಿತು. ಫೋರ್ಟ್ರಾನಿಗೆ ಬೇಕಾದುದು ಸೂತ್ರಗಳು. ಕೋಬಾಲಿಗೆ ಬೇಕಾದುದು ಅಂಗಡಿಯ ಖಾತೆಗಳು. ಲಿಸ್ಪ್ ಎಂಬ ಭಾಷೆಗೆ ಬೇಕಾದುದು ಪಟ್ಟಿಗಳು. ಇವೆಲ್ಲವನ್ನೂ ಒಳಗೊಳ್ಳಬೇಕಾದ ನಡುವಣ ಭಾಷೆಯು ಎಲ್ಲ ಭಾಷೆಗಳೂ ಎಲ್ಲ ಯಂತ್ರಗಳೂ ಕೂಡಿದಷ್ಟು ದೊಡ್ಡದಾಗಿ ಬೆಳೆಯುತ್ತಿದ್ದಿತು. ಚಿಕ್ಕದಾಗಿಟ್ಟರೆ ಯಾರಿಗೂ ಸಾಲದು. ಎಲ್ಲರ ಅಳತೆಗೂ ಒಂದೇ ರವಿಕೆಯನ್ನು ಹೊಲಿಯಹೊರಟ ಚಿಪ್ಪಿಗನ ಗತಿ ಅದಕ್ಕೆ ಆಯಿತೆನ್ನಬಹುದು.

ಹಾಗಾದರೆ ಆ ಶ್ರಮವೆಲ್ಲಾ ವ್ಯರ್ಥವಾಯಿತೋ? ಇಲ್ಲ. ಸಮಸ್ತಕ್ಕೂ ಒಂದೇ ಎಂಬ ಹಟವನ್ನು ಬಿಟ್ಟು, ಕೆಲವು ಭಾಷೆಗಳಿಗೂ ಕೆಲವು ಯಂತ್ರಗಳಿಗೂ ನಡುವೆ ಒಂದು ರೂಪ ಎಂಬ ಮಿತಿಯನ್ನು ಒಪ್ಪಿಕೊಂಡ ಮೇಲೆ ಆ ವಿಚಾರವೇ ಫಲವನ್ನು ಕೊಟ್ಟಿತು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ವಿಕ್ರಮ್ ಅಡ್ವೆ ಎಂಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಕ್ರಿಸ್ ಲ್ಯಾಟ್ನರ್ ಎಂಬ ವಿದ್ಯಾರ್ಥಿಯು 2000ದಲ್ಲಿ ಆರಂಭಿಸಿದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟು ಇದಕ್ಕೆ ನಿದರ್ಶನ. ರಸ್ಟ್, ಸ್ವಿಫ್ಟ್, ಜೂಲಿಯಾ ಮೊದಲಾದ ಹೊಸ ಭಾಷೆಗಳು ತಮ್ಮ ಮಾತನ್ನು ಅದರ ನಡುವಣ ರೂಪಕ್ಕೆ ತಂದು ಒಪ್ಪಿಸುತ್ತವೆ; ಅಲ್ಲಿಂದ ಮುಂದಿನ ಕೆಲಸವನ್ನು ಅದು ನೋಡಿಕೊಳ್ಳುತ್ತದೆ. ಇದರಲ್ಲಿ ತಾಯಿತಂದೆಗಳು ಗಮನಿಸತಕ್ಕ ಸಂಗತಿ ಇಷ್ಟೆ: 1961ರ ಆ ಗೋಪುರದ ಮೇಲೆ ಬರೆದಿದ್ದ ಹೆಸರುಗಳಲ್ಲಿ ಬಹುಪಾಲನ್ನು ಇಂದು ಕೇಳಿದವರೂ ಇಲ್ಲ. ಆದರೆ ಭಾಷೆಯಿಂದ ಭಾಷೆಗೆ ಅರ್ಥ ಕೆಡದಂತೆ ಸಾಗಿಸುವ ವಿದ್ಯೆ ಅಳಿದಿಲ್ಲ. ಆರು ತಿಂಗಳ ಕೋರ್ಸಿನಲ್ಲಿ ಮಾರುವುದು ಗೋಪುರದ ಮೇಲಣ ಹೆಸರುಗಳನ್ನು.

ಈಗ ನಮ್ಮ ನುಡಿಯ ವಿಚಾರಕ್ಕೆ ಬರುತ್ತೇನೆ. ಎರಡು, ಮೂರು, ನಾಲ್ಕು ಎಂಬ ಅಂಕಿಗಳನ್ನು ತೆಗೆದುಕೊಳ್ಳಿರಿ. 2 + 3 × 4 ಎಂದು ಬರೆದರೆ ಮೊದಲು ಕೂಡಿಸಬೇಕೋ ಗುಣಿಸಬೇಕೋ ಎಂಬ ಸಂಶಯ ಹುಟ್ಟುವುದು. ಅದನ್ನು ತಪ್ಪಿಸಲು ಮಕ್ಕಳಿಗೆ ಒಂದು ನಿಯಮವನ್ನು ಬಾಯಿಪಾಠ ಮಾಡಿಸುತ್ತೇವೆ, ಇಲ್ಲವೆ ಆವರಣಚಿಹ್ನೆಗಳನ್ನು ಹಾಕಿಸುತ್ತೇವೆ. ಆದರೆ ಅದೇ ಲೆಕ್ಕವನ್ನು ನಮ್ಮ ಅಜ್ಜಿಯರು ಬಾಯಲ್ಲಿ ಹೇಳುವ ರೀತಿಯನ್ನು ನೋಡಿರಿ. ಎರಡಕ್ಕೆ ಮೂರನ್ನು ಕೂಡಿಸಿ, ಬಂದುದನ್ನು ನಾಲ್ಕರಿಂದ ಗುಣಿಸು: ಇಪ್ಪತ್ತು. ಮೂರನ್ನು ನಾಲ್ಕರಿಂದ ಗುಣಿಸಿ, ಬಂದುದನ್ನು ಎರಡಕ್ಕೆ ಕೂಡಿಸು: ಹದಿನಾಲ್ಕು. ಆವರಣಚಿಹ್ನೆಯ ಗೊಡವೆಯೇ ಇಲ್ಲ, ಸಂಶಯಕ್ಕೆ ಎಡೆಯೂ ಇಲ್ಲ. ಏಕೆಂದರೆ ಕನ್ನಡದಲ್ಲಿ ಕರ್ಮಪದಗಳು ಮೊದಲು ಬಂದು ಕ್ರಿಯಾಪದವು ಕೊನೆಯಲ್ಲಿ ನಿಲ್ಲುವುದು.

ಆವರಣಚಿಹ್ನೆಗಳಿಲ್ಲದೆ ಬರೆಯುವ ಒಂದು ಪದ್ಧತಿಯನ್ನು ಪೋಲೆಂಡಿನ ತರ್ಕಶಾಸ್ತ್ರಜ್ಞ ವುಕಾಸಿಯೇವಿಚ್ ಎಂಬವರು 1920ರ ದಶಕದಲ್ಲಿ ಕಂಡುಹಿಡಿದರು. ಅವರು ಕ್ರಿಯೆಯ ಚಿಹ್ನೆಯನ್ನು ಮೊದಲಿಗಿಟ್ಟರು. ಅದನ್ನೇ ತಿರುಗುಮುರುಗು ಮಾಡಿ, ಅಂಕಿಗಳನ್ನು ಮೊದಲೂ ಕ್ರಿಯೆಯನ್ನು ಕೊನೆಯಲ್ಲಿಯೂ ಇಟ್ಟರೆ ಯಂತ್ರಕ್ಕೆ ಬಹು ಅನುಕೂಲವೆಂಬುದನ್ನು 1957ರ ಸುಮಾರಿಗೆ ಆಸ್ಟ್ರೇಲಿಯಾದ ಹ್ಯಾಂಬ್ಲಿನ್ ಎಂಬ ದರ್ಶನಶಾಸ್ತ್ರದ ಅಧ್ಯಾಪಕರು ತೋರಿಸಿಕೊಟ್ಟರು. ಜರ್ಮನಿಯ ಬೌವರ್ ಮತ್ತು ಸಾಮೆಲ್ಸನ್ ಎಂಬವರು ಸೂತ್ರಗಳನ್ನು ಭಾಷಾಂತರಿಸುವುದಕ್ಕೆ ಪೇರಿಕೆಯ ಉಪಾಯವನ್ನು ಅದೇ ಕಾಲದಲ್ಲಿ ಕಂಡುಕೊಂಡಿದ್ದರು. ಅಡುಗೆಮನೆಯಲ್ಲಿ ತಟ್ಟೆಯ ಮೇಲೆ ತಟ್ಟೆಯನ್ನು ಪೇರಿಸುವೆವಷ್ಟೆ. ಕೊನೆಗಿಟ್ಟದ್ದನ್ನು ಮೊದಲು ತೆಗೆಯಬೇಕು. ಯಂತ್ರವು ಎರಡನ್ನು ಇಡುತ್ತದೆ, ಅದರ ಮೇಲೆ ಮೂರನ್ನು ಇಡುತ್ತದೆ. ಕೂಡಿಸು ಎಂಬ ಮಾತು ಬಂದೊಡನೆ ಮೇಲಣ ಎರಡನ್ನೂ ತೆಗೆದು ಐದನ್ನು ಇಡುತ್ತದೆ. ಅದರ ಮೇಲೆ ನಾಲ್ಕು. ಗುಣಿಸು ಎಂದಾಗ ಆ ಎರಡನ್ನೂ ತೆಗೆದು ಇಪ್ಪತ್ತನ್ನು ಇಡುತ್ತದೆ. ಮುಗಿಯಿತು. ಅಂದಿನ ಕಂಪೈಲರುಗಳು ಪಾಶ್ಚಾತ್ಯರ ಬರೆಹದ ಸೂತ್ರಗಳನ್ನು ಒಡೆದು ಈ ಕ್ರಮಕ್ಕೆ ತಿರುಗಿಸುವುದಕ್ಕಾಗಿ ಎಷ್ಟೋ ಪಾಡುಪಟ್ಟವು. ನಮ್ಮ ಹುಡುಗಿಯು ತೊಟ್ಟಿಲಿನಿಂದ ಆಡಿದುದೇ ಆ ಕ್ರಮದ ವಾಕ್ಯ.

ಇದರಿಂದ ಕನ್ನಡವೇ ಗಣಕಯಂತ್ರದ ದೇವಭಾಷೆಯೆಂದು ಯಾರೂ ಮೆರವಣಿಗೆ ಹೊರಡಿಸಬಾರದು. ತಮಿಳು, ಮಲೆಯಾಳಗಳಲ್ಲಿಯೂ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನುಡಿಯಲ್ಲಿಯೂ, ದೂರದ ಜಪಾನೀ ಭಾಷೆಯಲ್ಲಿಯೂ ಕ್ರಿಯಾಪದವು ಕೊನೆಗೇ ಬರುವುದು. ಸಂಸ್ಕೃತವೇ ಗಣಕಕ್ಕೆ ಸರ್ವೋತ್ತಮ ಭಾಷೆಯೆಂದು ಸಭೆಗಳಲ್ಲಿ ಆಗಾಗ ಕೇಳಿಬರುವ ಮಾತನ್ನೂ ನಾನು ಇದೇ ತಕ್ಕಡಿಯಲ್ಲಿಟ್ಟು ತೂಗುತ್ತೇನೆ. ಹಿರಿಮೆಯು ಭಾಷೆಯದಲ್ಲ, ಅದನ್ನು ಸೂತ್ರಕ್ಕೆ ತಂದ ವ್ಯಾಕರಣಕಾರನದು. 1959ರಲ್ಲಿ ಜಾನ್ ಬ್ಯಾಕಸ್ ಎಂಬವರು ಗಣಕಭಾಷೆಯ ವಾಕ್ಯಗಳು ಹೇಗಿರಬೇಕೆಂಬುದನ್ನು ಚಿಕ್ಕ ಚಿಕ್ಕ ಸೂತ್ರಗಳ ಮೂಲಕ ಹೇಳುವ ಕ್ರಮವನ್ನು ಸೂಚಿಸಿದರು. 1960ರಲ್ಲಿ ಡೆನ್ಮಾರ್ಕಿನ ಪೀಟರ್ ನೌರ್ ಅವರು ಅಲ್ಗಾಲ್ ಭಾಷೆಯ ವರದಿಯನ್ನು ಆ ಕ್ರಮದಲ್ಲಿಯೇ ಸಂಪಾದಿಸಿದರು. 1967ರಲ್ಲಿ ಇಂಗರ್‌ಮನ್ ಎಂಬವರು ಮೇಲೆ ಹೇಳಿದ ಅಮೆರಿಕಾದ ಪತ್ರಿಕೆಗೆ ಒಂದು ಕಾಗದವನ್ನು ಬರೆದು, ಇಂಥ ಸೂತ್ರಪದ್ಧತಿಯನ್ನು ಸಾವಿರಾರು ವರ್ಷಗಳ ಹಿಂದೆಯೇ ಪಾಣಿನಿಯು ಬಳಸಿದ್ದನಾದ್ದರಿಂದ ಅದಕ್ಕೆ ಪಾಣಿನಿ-ಬ್ಯಾಕಸ್ ರೂಪವೆಂದು ಹೆಸರಿಡುವುದು ಯುಕ್ತವೆಂದರು. ನಮ್ಮವನೇ ಆದ ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಕಂದಪದ್ಯದಲ್ಲಿ ಸೂತ್ರವನ್ನೂ ಅದರ ಕೆಳಗೆ ವೃತ್ತಿಯನ್ನೂ ಪ್ರಯೋಗಗಳನ್ನೂ ಇಟ್ಟನು. ಅದನ್ನು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದವರು ಕಿಟ್ಟೆಲ್ ಪಾದ್ರಿಗಳು. ಜರ್ಮನಿಯಲ್ಲಿ ಹುಟ್ಟಿದವರೊಬ್ಬರು ಕನ್ನಡದ ಸೂತ್ರಗಳನ್ನು ಇಷ್ಟು ಶ್ರದ್ಧೆಯಿಂದ ತಿದ್ದಿ ಅಚ್ಚುಹಾಕಿಸಿರುವಾಗ, ಕನ್ನಡದ ಮನೆಯಲ್ಲಿ ಹುಟ್ಟಿದವರು ವ್ಯಾಕರಣವನ್ನು ಹೊತ್ತು ಕಳೆಯುವ ವಿಷಯವೆನ್ನುವುದು ಸೋಜಿಗವೇ ಸರಿ.

ಈ ಚರಿತ್ರೆಯಲ್ಲಿ ಸ್ತ್ರೀಯರು ಹಿಂದಿನ ಸಾಲಿನಲ್ಲಿ ಕುಳಿತಿರಲಿಲ್ಲ. ಫೋರ್ಟ್ರಾನಿನ ಕಂಪೈಲರನ್ನು ಕಟ್ಟಿದ ಮೊದಲ ತಂಡದಲ್ಲಿ ಲೋಯಿಸ್ ಹೈಬ್ಟ್ ಎಂಬ ಯುವತಿಯು ಬರೆಹದ ಹರಿವು ಯಾವ ಯಾವ ದಾರಿಗಳಲ್ಲಿ ಸಾಗುವುದೆಂಬುದನ್ನು ವಿಂಗಡಿಸುವ ಭಾಗವನ್ನು ರಚಿಸಿದಳು. ಕೋಬಾಲನ್ನು ರೂಪಿಸಿದ ಸಮಿತಿಯಲ್ಲಿದ್ದ ಜೀನ್ ಸ್ಯಾಮೆಟ್ ಅವರು 1969ರಲ್ಲಿ ಸುಮಾರು 120 ಗಣಕಭಾಷೆಗಳ ಚರಿತ್ರೆಯನ್ನು ಒಂದೇ ಗ್ರಂಥದಲ್ಲಿ ಬರೆದರು. ಅದರ ಹೊದಿಕೆಯ ಮೇಲೂ ಬಾಬೆಲಿನ ಗೋಪುರವೇ. ಆದರೆ ನಮ್ಮ ಕಡೆಯ ತಾಯಿತಂದೆಗಳು ವಿಶೇಷವಾಗಿ ತಿಳಿಯಬೇಕಾದುದು ಫ್ರಾನ್ಸಿಸ್ ಆಲನ್ ಅವರ ವೃತ್ತಾಂತ. ನ್ಯೂಯಾರ್ಕ್ ಸಂಸ್ಥಾನದ ಪೆರು ಎಂಬ ಹಳ್ಳಿಯಲ್ಲಿ ಬೇಸಾಯಗಾರನ ಆರು ಮಕ್ಕಳಲ್ಲಿ ಹಿರಿಯಳಾಗಿ ಬೆಳೆದು, ಊರಿನ ಪಾಠಶಾಲೆಯಲ್ಲಿಯೇ ಗಣಿತವನ್ನು ಕಲಿಸುತ್ತಿದ್ದವರು ಅವರು. ಮೇಲಿನ ಓದಿಗಾಗಿ ಮಾಡಿದ ಸಾಲವನ್ನು ತೀರಿಸಿ ಮರಳಿ ಪಾಠಶಾಲೆಗೆ ಹೋಗಬೇಕೆಂಬ ಉದ್ದೇಶದಿಂದ 1957ರಲ್ಲಿ ಐಬಿಎಂ ಸಂಸ್ಥೆಗೆ ಸೇರಿದರು. ಆಗತಾನೆ ಹೊರಬಿದ್ದಿದ್ದ ಫೋರ್ಟ್ರಾನನ್ನು ಅಲ್ಲಿಯ ವಿಜ್ಞಾನಿಗಳಿಗೆ ಕಲಿಸುವುದೇ ಅವರಿಗೆ ಒಪ್ಪಿಸಿದ ಮೊದಲ ಕೆಲಸ. ಕಲಿಸುವುದಕ್ಕಾಗಿ ಆ ಕಂಪೈಲರಿನ ಒಳಗನ್ನೆಲ್ಲ ಓದಿದರು. ಓದಿದ ಮೇಲೆ ಅದನ್ನು ಬಿಡಲಾಗಲಿಲ್ಲ. 2002ರವರೆಗೆ ಅಲ್ಲಿಯೇ ದುಡಿದು, ಭಾಷಾಂತರವನ್ನು ಸರಿಯಾಗಿ ಮಾತ್ರವಲ್ಲದೆ ವೇಗವಾಗಿಯೂ ಮಾಡುವ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದರು. 1966ರಲ್ಲಿ ಆರಂಭವಾದ ಟ್ಯೂರಿಂಗ್ ಪಾರಿತೋಷಕವು 2006ನೆಯ ವರ್ಷಕ್ಕಾಗಿ ಅವರಿಗೆ ಸಂದಿತು. ಅಲ್ಲಿಯವರೆಗೆ ಅದು ಸ್ತ್ರೀಯರೊಬ್ಬರಿಗೂ ದೊರೆತಿರಲಿಲ್ಲ.

ಇದು ದೂರದೇಶದ ಮಾತೆನ್ನುವಿರಾದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೋಡಿರಿ. ದೆಹಲಿಯ ಐಐಟಿಯಲ್ಲಿ 1968ರಲ್ಲಿ ಇಂಜಿನಿಯರಿಂಗ್ ಪದವಿಯನ್ನು ಪಡೆದು, ಅಮೆರಿಕಾದ ಮೇರಿಲ್ಯಾಂಡಿನಲ್ಲಿ ಡಾಕ್ಟರೇಟನ್ನು ಮುಗಿಸಿದ ಪ್ರೀತಿ ಶಂಕರ್ ಅವರು ಆ ಸಂಸ್ಥೆಯಲ್ಲಿ ದೀರ್ಘಕಾಲ ಅಧ್ಯಾಪಕಿಯಾಗಿದ್ದು 2011ರಲ್ಲಿ ತೀರಿಕೊಂಡರು. ತಮ್ಮ ಸಹೋದ್ಯೋಗಿಗಳಾದ ವೈ. ಎನ್. ಶ್ರೀಕಾಂತ್ ಅವರೊಡನೆ ಅವರು ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿಯು 2002ರಲ್ಲಿಯೂ, ಅದರ ಎರಡನೆಯ ಮುದ್ರಣವು 2007ರಲ್ಲಿಯೂ ವಿದೇಶದಲ್ಲಿ ಪ್ರಕಟವಾದವು. ನಡುವಣ ರೂಪದಲ್ಲಿರುವ ವಾಕ್ಯವನ್ನು ಮರದಂತೆ ಕೊಂಬೆಕೊಂಬೆಯಾಗಿ ಬಿಡಿಸಿ, ಯಂತ್ರದ ಅಪ್ಪಣೆಗಳನ್ನು ವಿವರಿಸುವ ವ್ಯಾಕರಣಕ್ಕೆ ಅದನ್ನು ಹೊಂದಿಸಿ, ತಕ್ಕ ಅಪ್ಪಣೆಗಳನ್ನು ಆರಿಸುವುದು ಅವರ ಸಂಶೋಧನೆಯ ಒಂದು ಮುಖ್ಯ ವಿಷಯವಾಗಿದ್ದಿತು. ಯಂತ್ರ ಬದಲಾದರೆ ವ್ಯಾಕರಣವನ್ನು ಬದಲಾಯಿಸಿದರೆ ಸಾಕು, ಉಳಿದುದು ನಿಲ್ಲುವುದು. 1958ರ ಆ ಸಮಿತಿಯ ಕನಸಿನ ಒಂದು ಪಾಲು ನಮ್ಮ ರಾಜಧಾನಿಯಲ್ಲಿಯೇ, ಅದೂ ಸ್ತ್ರೀಯೊಬ್ಬರ ಕೈಯಲ್ಲಿ, ಕೈಗೂಡಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ನಮ್ಮ ಜಿಲ್ಲೆಯ ಯಳಂದೂರಿನವಳೆಂದು ಹೇಳುವ ಸಂಚಿಯ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದು ಕಾವ್ಯವನ್ನು ಬರೆದಳೆಂದು ಹೆಮ್ಮೆಪಡುವ ನಾವು ಇಂಥವರ ಹೆಸರುಗಳನ್ನೂ ಮಕ್ಕಳಿಗೆ ಕಲಿಸತಕ್ಕದ್ದು.

ಇಂಗ್ಲಿಷು ಬೇಡವೇ ಎಂದು ಕೇಳುವವರಿಗೆ ಉತ್ತರ: ಬೇಕು. ಈ ಶಾಸ್ತ್ರದ ಗ್ರಂಥಗಳೆಲ್ಲಾ ಆ ಭಾಷೆಯಲ್ಲಿವೆ. ಕೆಲಸವನ್ನು ಕೊಡುವವರೂ ಅದರಲ್ಲಿಯೇ ಮಾತನಾಡಿಸುವರು. ಅದನ್ನು ಚೆನ್ನಾಗಿ ಕಲಿಸದೆ ಹುಡುಗಿಯರನ್ನು ಬೆಂಗಳೂರಿಗೆ ಕಳುಹಿಸುವುದು ಅನ್ಯಾಯ. ಆದರೆ ಯಂತ್ರವೇ ಇಂಗ್ಲಿಷಿನದೆಂಬ ಭಯವನ್ನು ಅವರ ಮನಸ್ಸಿನಲ್ಲಿ ತುಂಬುವುದು ಬೇರೆ ಮಾತು. ಹಾಪರ್ ಅವರು ತಮ್ಮ ವ್ಯಾಪಾರ ಭಾಷೆಯ ಕಂಪೈಲರನ್ನು ಮೇಲಧಿಕಾರಿಗಳಿಗೆ ತೋರಿಸುವಾಗ ಅದೇ ಅಪ್ಪಣೆಗಳನ್ನು ಫ್ರೆಂಚಿನಲ್ಲಿಯೂ ಜರ್ಮನಿನಲ್ಲಿಯೂ ಕೊಟ್ಟು ಯಂತ್ರದಿಂದ ಅದೇ ಕೆಲಸವನ್ನು ಮಾಡಿಸಿದರಂತೆ. ಅಮೆರಿಕಾದಲ್ಲಿ ತಯಾರಾದ ಯಂತ್ರಕ್ಕೆ ಫ್ರೆಂಚ್ ಅರ್ಥವಾಗುವುದೆಂತು ಎಂದು ಆ ಮಹನೀಯರು ಬೆದರಿದ ಸಂಗತಿಯನ್ನು ಅವರೇ ಹೇಳಿದ್ದಾರೆ. ಯಂತ್ರಕ್ಕೆ ಆ ಪದಗಳು ಬರಿಯ ಗುರುತುಗಳು. ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಎಳೆದ ಗೆರೆಗಳಿದ್ದಂತೆ.

ಆದುದರಿಂದ ನಮ್ಮ ಪಾಠಶಾಲೆಯಲ್ಲಿ ವ್ಯಾಕರಣದ ಗಂಟೆಯನ್ನು ಕಡಮೆ ಮಾಡದೆ, ವಾರಕ್ಕೊಂದು ದಿನ ಕನ್ನಡದ ಉಪಾಧ್ಯಾಯಿನಿಯೂ ಗಣಿತದ ಉಪಾಧ್ಯಾಯಿನಿಯೂ ಒಂದೇ ತರಗತಿಯಲ್ಲಿ ಕೂಡಿ ನಿಲ್ಲಬೇಕೆಂದು ನನ್ನ ಸೂಚನೆ. ಯಂತ್ರಗಳನ್ನು ಕೊಳ್ಳುವ ಖರ್ಚಿಲ್ಲ, ಸೀಮೆಸುಣ್ಣ ಸಾಕು. ಹುಡುಗಿಯರಿಗೆ ಹೀಗೆ ಹೇಳಲಿ: ನಿಮ್ಮ ಮುಂದೆ ಏನೂ ಅರಿಯದ, ಆದರೆ ಹೇಳಿದುದನ್ನು ಚಾಚೂ ತಪ್ಪದೆ ಮಾಡುವ ಒಂದು ಯಂತ್ರವಿದೆ, ಅದಕ್ಕೆ ಸಂಧಿಯನ್ನು ಕಲಿಸಿರಿ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಮಳೆ, ಕಾಲ ಸೇರಿದರೆ ಮಳೆಗಾಲ. ಇಷ್ಟಕ್ಕೆ ಸೂತ್ರವನ್ನು ಅವರು ಬೇಗನೆ ಬರೆದಾರು. ಬಳಿಕ ಗುರು ಎಂಬುದಕ್ಕೆ ಅನ್ನು ಪ್ರತ್ಯಯವನ್ನು ಸೇರಿಸಲು ಹೇಳಬೇಕು; ವಕಾರವು ನಡುವೆ ಬಂದು ಗುರುವನ್ನು ಎಂದಾಗುವುದು. ಅದೇ ಸೂತ್ರವನ್ನು ಊರು ಎಂಬುದಕ್ಕೆ ಹಚ್ಚಿದರೆ ಯಂತ್ರವು ಊರುವನ್ನು ಎಂದು ಬರೆದು ತರಗತಿಯೆಲ್ಲ ನಗುವುದು. ಎರಡು ಪದಗಳೂ ಉಕಾರದಲ್ಲಿಯೇ ಮುಗಿಯುತ್ತಿರಲು ಒಂದಕ್ಕೆ ಆಗಮ, ಮತ್ತೊಂದಕ್ಕೆ ಲೋಪ ಏಕೆ? ಯಂತ್ರಕ್ಕೆ ಈ ಭೇದವನ್ನು ಹೇಳಿಕೊಡುವುದು ಹೇಗೆ? ಹುಡುಗಿಯರು ತಲೆ ಕೆರೆದುಕೊಳ್ಳಲಿ, ಒಂದು ವಾರ ಬಿಡುವು ಕೊಡಿರಿ. ಆಮೇಲೆ ಉಪಾಧ್ಯಾಯಿನಿಯು ಹಳಗನ್ನಡದಲ್ಲಿ ಅದು ಊರು ಅಲ್ಲ, ಊರ್ ಎಂಬ ವ್ಯಂಜನಾಂತ ಪದವೆಂದೂ, ಕೊನೆಯ ಉಕಾರವು ಮುಂದೆ ಬಂದು ಸೇರಿಕೊಂಡುದೆಂದೂ ತಿಳಿಸಿ, ಕೇಶಿರಾಜನ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಡಲಿ.